ಬೇಸಿಗೆ, ಸನ್‌ಸ್ಕ್ರೀನ್, ಕಡಲ ದಂಡೆ: ಮೂರೂ ಒಂದೇ ಸೀಸೆಯಲ್ಲಿ ಸಿಗುವ ಸೆಂಟು ಯಾವುದು?

ವಿದ್ಯಾನಗರದವಳು (ಹುಬ್ಬಳ್ಳಿ)

ಅಣ್ಣ ಮುಂದಿನ ವಾರ ದುಬೈಯಿಂದ ಬರುತ್ತಿದ್ದಾನೆ. ಒಂದು ಸೆಂಟು ತರುತ್ತೇನೆ, ಹೆಸರು ಹೇಳು ಎಂದಿದ್ದಾನೆ. ಅವನ ಮನಸ್ಸು ಬದಲಾಗುವ ಮೊದಲು ಹೆಸರು ಹೇಳಿಬಿಡಬೇಕು.

ನನಗೆ ಬೇಕಾಗಿರುವುದು ಬೇಸಿಗೆಯ ಸೆಂಟು. ನಿಂಬೆ, ಪುದೀನ ಬೇಡ, ಅವು ಪಾನಕದ ಅಂಗಡಿಯಲ್ಲೇ ಇರಲಿ. ಸನ್‌ಸ್ಕ್ರೀನ್ ಬಳಿದುಕೊಂಡು ಕಾದ ಮರಳಿನ ಮೇಲೆ ಕೂತಾಗ, ಉಪ್ಪುಗಾಳಿ ಬೀಸಿದಾಗ ಮೈಯಿಂದಲೇ ಏಳುತ್ತದಲ್ಲ, ಆ ವಾಸನೆ ಬೇಕು. ಓದಿ ಓದಿ ಮಾಡಿಕೊಂಡ ಪಟ್ಟಿ: ಎಸ್ಟೇ ಲಾಡರ್‌ನ ಬ್ರಾಂಜ್ ಗಾಡೆಸ್, ಮಾರ್ಜಿಯೆಲಾದ ಬೀಚ್ ವಾಕ್, ಟಾಮ್ ಫೋರ್ಡ್‌ನ ಸೊಲೇ ಬ್ಲಾಂ, ಬಾಬಿ ಬ್ರೌನ್‌ನ ಬೀಚ್. ಯಾರಾದರೂ ಮೂಸಿದವರಿದ್ದರೆ ಹೇಳಿ. ಒಂದೇ ಷರತ್ತು: ಚಿಗರಿ ಬಸ್ಸಿನಲ್ಲಿ ಹಾಕಿಕೊಂಡು ಹೋದರೆ ಪಕ್ಕದಲ್ಲಿ ಕೂತವರು ಎದ್ದು ಹೋಗಬಾರದು.

ಗಿರ್ಮಿಟ್ ಪ್ರಿಯ

ಹುಬ್ಬಳ್ಳಿಯಲ್ಲಿ ಕೂತು ಕಡಲಿನ ವಾಸನೆಯೇ? ಸಂಜೆ ಉಣಕಲ್ ಕೆರೆಯ ದಂಡೆಗೆ ಹೋಗಿ ನಿಲ್ಲಿ. ನೀರೂ ಉಂಟು, ಗಾಳಿಯೂ ಉಂಟು, ವಾಸನೆಯಂತೂ ಪುಕ್ಕಟೆ.

ಸಪ್ತಾಪುರ ಸುಗಂಧ (ಧಾರವಾಡ)

ತಮಾಷೆ ಆಮೇಲೆ. ಈ ಪಟ್ಟಿಯಲ್ಲಿರುವ ಎಲ್ಲವನ್ನೂ ನಾನು ಚರ್ಮದ ಮೇಲೆ ಹಾಕಿಕೊಂಡು ನೋಡಿದ್ದೇನೆ, ಕಾಗದದ ಪಟ್ಟಿಯ ಮೇಲಲ್ಲ. ಈ ಜಾತಿಯ ಸೆಂಟುಗಳಿಗೆ ಮೈ ಶಾಖ ತಾಗದಿದ್ದರೆ ಬಾಯಿಯೇ ಬಿಚ್ಚುವುದಿಲ್ಲ.

ಬ್ರಾಂಜ್ ಗಾಡೆಸ್: ತೆಂಗು, ಟಿಯಾರೆ ಎಂಬ ಟಾಹಿಟಿಯ ಬಿಳಿ ಹೂವು, ಕೆಳಗೆ ಬೆಚ್ಚನೆಯ ಅಂಬರ್. ಸನ್‌ಸ್ಕ್ರೀನ್ ಎಂಬ ಮಾತಿಗೆ ಅತಿ ಹತ್ತಿರದ್ದು ಇದೇ. ಇದಕ್ಕೂ ಮೊದಲು ಅದೇ ಮನೆಯಿಂದ 2006ರಲ್ಲಿ ಅಜುರೇ ಸೊಲೇ ಎಂಬುದು ಬಂದಿತ್ತು. ಅದನ್ನು ಇಂದಿಗೂ ನೆನೆದು ಕೊರಗುವವರಿದ್ದಾರೆ.

ಸೊಲೇ ಬ್ಲಾಂ: ಅದೇ ತೆಂಗಿನ ಹಾಲು, ಆದರೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದೆ. ಬೆಲೆಯೂ ರೇಷ್ಮೆಯದೇ.

ಬೀಚ್ ವಾಕ್: ಮೊದಲು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣು, ಗುಲಾಬಿ ಮೆಣಸು. ಆಮೇಲೆ ಇಲಾಂಗ್ ಹೂವು ಮತ್ತು ತೆಂಗು, ಕೊನೆಗೆ ಕಸ್ತೂರಿಯ ನಯ. ಕಚೇರಿಗೆ ಇದು ಸರಿ. ಬಾಬಿ ಬ್ರೌನ್‌ನದು ಎಲ್ಲಕ್ಕಿಂತ ನೇರ, ಮುಚ್ಚಳ ತೆಗೆದ ಸನ್‌ಸ್ಕ್ರೀನ್ ಟ್ಯೂಬು. ನನ್ನ ಮತ ಬೀಚ್ ವಾಕ್‌ಗೆ.

ಬೆಟಗೇರಿ ಮಗ್ಗ (ಗದಗ)

ಎಲ್ಲರೂ ತೆಂಗು ತೆಂಗು ಎನ್ನುತ್ತಿದ್ದೀರಿ. ಒಂದು ವಿಷಯ ಹೇಳಲೇ? ನನ್ನ ವೈನಿ ಪುಣೆಯಿಂದ ಇಂಥದ್ದೇ ಒಂದು ಸೀಸೆ ತಂದಿದ್ದರು. ಹೆಸರು ಬೇಡ, ಬೆಲೆ ಮಾತ್ರ ಐದಂಕಿ. ಮದುವೆಗೆ ಹೊರಡುವಾಗ ಕುತ್ತಿಗೆಗೆ, ಮಣಿಕಟ್ಟಿಗೆ ಹಾಕಿಕೊಂಡು ಪಡಸಾಲೆಗೆ ಬಂದರು. ಅಜ್ಜಿ ಜಪಮಾಲೆ ಬದಿಗಿಟ್ಟು, ಮೂಗು ಅರಳಿಸಿ, "ತಲೆಗೆ ಎಣ್ಣೆ ಹಚ್ಚಿಕೊಂಡು ಮಲ್ಲಿಗೆ ದಂಡೆ ಮುಡಿದಿದ್ದೀಯಾ? ಒಳ್ಳೆಯದಾಯಿತು, ಇಷ್ಟು ದಿನಕ್ಕೆ ಬುದ್ಧಿ ಬಂತು" ಎಂದರು. ವೈನಿಯ ಮುಖ ನೋಡಬೇಕಿತ್ತು.

ನನ್ನ ವಾದ ಇಷ್ಟೇ. ತೆಂಗಿನೆಣ್ಣೆ ಮತ್ತು ಮಲ್ಲಿಗೆ ಸೇರಿದರೆ ಅಮೆರಿಕದವರಿಗೆ ಕಡಲು ನೆನಪಾಗುತ್ತದೆ, ನಮಗೆ ಹೆರಳು ನೆನಪಾಗುತ್ತದೆ. ಆ ಸೀಸೆಯನ್ನು ಗದಗಿನಲ್ಲಿ ತೆರೆದರೆ ಸಮುದ್ರ ಬರುವುದಿಲ್ಲ, ಶುಕ್ರವಾರದ ಎಣ್ಣೆ ಸ್ನಾನ ಬರುತ್ತದೆ.

ಗಿರ್ಮಿಟ್ ಪ್ರಿಯ

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಸೆಂಟು ವಿಮರ್ಶಕರಾಗಿ ಅವರನ್ನೇ ನೇಮಿಸೋಣ.

ಸಪ್ತಾಪುರ ಸುಗಂಧ

ಬೆಟಗೇರಿಯವರೇ, ಗಾಣದ ಎಣ್ಣೆಯ ವಾಸನೆ ಬೇರೆ, ಸೆಂಟಿನ ತೆಂಗು ಬೇರೆ. ಸೆಂಟಿನದು ಕೆನೆಯಂತೆ ಸಿಹಿ. ಮೂಗು ಸ್ವಲ್ಪ ಪಳಗಬೇಕು.

ಬೆಟಗೇರಿ ಮಗ್ಗ

ಅಜ್ಜಿಯ ಮೂಗು ನಿಮ್ಮ ಮೂಗಿಗಿಂತ ಐವತ್ತು ವರ್ಷ ಹೆಚ್ಚು ಪಳಗಿದೆ.

ನಿವೃತ್ತ ರಸಾಯನ ಮಾಸ್ತರ್ (ಧಾರವಾಡ)

ಇಬ್ಬರೂ ಜಗಳ ನಿಲ್ಲಿಸಿ. ಇಬ್ಬರ ಮಾತಿನಲ್ಲೂ ಹುರುಳಿದೆ.

ಸೆಂಟಿನಲ್ಲಿ ತೆಂಗಿನ ವಾಸನೆಗೆ ಹಾಕುವುದು ಸಾಮಾನ್ಯವಾಗಿ ಗ್ಯಾಮಾ ನೋನಾಲ್ಯಾಕ್ಟೋನ್ ಎಂಬ ರಾಸಾಯನಿಕ, ಲ್ಯಾಕ್ಟೋನ್ ಗುಂಪಿನದು. ಸೆಂಟಿನವರು ಅದನ್ನು ಹಳೆಯ ರೂಢಿಯಂತೆ ಆಲ್ಡಿಹೈಡ್ ಸಿ-18 ಎನ್ನುತ್ತಾರೆ, ಅದು ಆಲ್ಡಿಹೈಡ್ ಅಲ್ಲವೇ ಅಲ್ಲ. ಗಾಣದ ಎಣ್ಣೆಯ ಘಮ ಬರುವುದೂ ಲ್ಯಾಕ್ಟೋನ್‌ಗಳಿಂದಲೇ, ಆದರೆ ಡೆಲ್ಟಾ ಜಾತಿಯವು. ಅಂದರೆ ಅವು ದಾಯಾದಿಗಳು. ಅಜ್ಜಿಗೆ ನೆಂಟಸ್ತಿಕೆ ಗೊತ್ತಾದದ್ದು ಸಹಜ.

ಇನ್ನು ಸನ್‌ಸ್ಕ್ರೀನ್ ವಾಸನೆ. ಅದರಲ್ಲಿ ತೆಂಗಿಗಿಂತ ದೊಡ್ಡ ಪಾತ್ರ ಬೆಂಜೈಲ್ ಸ್ಯಾಲಿಸಿಲೇಟಿನದು. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೋರಿಯಾಲ್ ಸ್ಥಾಪಕ ಯೂಜೀನ್ ಶ್ಯುಲೇರ್ ಆಂಬ್ರ್ ಸೋಲೇರ್ ಎಂಬ ಎಣ್ಣೆಯನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳಲು ಹಾಕಿದ್ದೇ ಈ ವಸ್ತು. ತನ್ನಷ್ಟಕ್ಕೆ ಅದರ ವಾಸನೆ ಬಲು ಮೆಲ್ಲಗೆ. ಹೂವಿನಂತೆ, ಸ್ವಲ್ಪ ಸಿಹಿ. ಕೆಲವರಿಗೆ ಅದು ಗೊತ್ತಾಗುವುದೇ ಇಲ್ಲ. ಆದರೆ ಮಲ್ಲಿಗೆ, ಇಲಾಂಗ್ ಇಂಥವುಗಳ ಜೊತೆ ಸೇರಿದರೆ ಅವನ್ನು ಹರಡಿ ಹಬ್ಬಿಸುತ್ತದೆ. ಬಿಸಿಲಿಗೆ ಹೋಗುವ ದಿನವೆಲ್ಲ ಅದನ್ನೇ ಮೈಗೆ ಬಳಿದುಕೊಂಡ ಯುರೋಪಿನ ಒಂದು ಪೀಳಿಗೆಗೆ ಆ ವಾಸನೆ ಎಂದರೆ ರಜೆ ಎಂದು ಕೂತುಬಿಟ್ಟಿತು. ಅಮೆರಿಕದಲ್ಲಿ 1940ರ ದಶಕದಿಂದ ಕಾಪರ್‌ಟೋನ್ ಇದೇ ಕೆಲಸ ಮಾಡಿತು. ಈಗಿನ ಸನ್‌ಸ್ಕ್ರೀನ್‌ಗಳಲ್ಲಿ ಬೇರೆ ರಾಸಾಯನಿಕಗಳಿವೆ, ಹಲವಕ್ಕೆ ವಾಸನೆಯೇ ಇಲ್ಲ. ಕಿರಣ ತಡೆಯುವ ಕೆಲಸ ಬಿಟ್ಟುಹೋದ ಮೇಲೂ ವಾಸನೆ ಮಾತ್ರ ಸೆಂಟಿನ ಸೀಸೆಯಲ್ಲಿ ಉಳಿದುಕೊಂಡಿದೆ.

ಇದೇ ಮನೆತನದ ಇನ್ನೊಂದು ಸದಸ್ಯ ನಿಮಗೆಲ್ಲ ಗೊತ್ತು: ಮಿಥೈಲ್ ಸ್ಯಾಲಿಸಿಲೇಟ್. ಮೊಣಕಾಲಿಗೆ ತಿಕ್ಕುವ ನೋವಿನ ಮುಲಾಮಿನ ವಾಸನೆ.

ಬ್ಯಾಡಗಿ ಘಾಟು

ಹಾಗಾದರೆ ವಿದ್ಯಾನಗರದ ಅಕ್ಕ ನೋವಿನ ಮುಲಾಮು, ತೆಂಗಿನೆಣ್ಣೆ, ಮಲ್ಲಿಗೆ ದಂಡೆ ಮೂರನ್ನೂ ಕಲಸಿಕೊಂಡರೆ ಐದಂಕಿ ಉಳಿಯಿತು. ಮಾಸ್ತರರೇ, ಮೊದಲೇ ಹೇಳಬಾರದಿತ್ತೇ?

ವಿದ್ಯಾನಗರದವಳು

ಎಲ್ಲರಿಗೂ ಕೈಮುಗಿದೆ. ಆದರೆ ಕಡಲೆಲ್ಲಿ? ಉಪ್ಪೆಲ್ಲಿ? ತೆಂಗನ್ನು ಬದಿಗಿಟ್ಟು ಯಾರಾದರೂ ನೀರಿನ ವಾಸನೆಯ ಬಗ್ಗೆ ಹೇಳಿ.

ನಿವೃತ್ತ ರಸಾಯನ ಮಾಸ್ತರ್

ಅದಕ್ಕೆ ಕ್ಯಾಲೋನ್. 1966ರಲ್ಲಿ ಫೈಜರ್ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಕಲ್ಲಂಗಡಿ ಸಿಪ್ಪೆ ಮತ್ತು ಚಿಪ್ಪುಮೀನು ಎರಡನ್ನೂ ಒಟ್ಟಿಗೆ ನೆನಪಿಸುವ ವಿಚಿತ್ರ ವಸ್ತು. ಬಹಳ ಕಾಲ ಯಾರೂ ಅದನ್ನು ಧಾರಾಳವಾಗಿ ಬಳಸಲಿಲ್ಲ. 1990ರ ದಶಕದಲ್ಲಿ ಅದರ ಹುಚ್ಚು ಹಿಡಿಯಿತು. 1992ರ ಇಸ್ಸೆ ಮಿಯಾಕೆ, 1996ರ ಅಕ್ವಾ ದಿ ಜಿಯೋ, ಎರಡರಲ್ಲೂ ಕಡಲಗಾಳಿ ಎಂದು ಅನಿಸುವುದು ಅದೇ.

ಕೇಶ್ವಾಪುರ ಹುಡುಗ

1988ರ ಕೂಲ್ ವಾಟರ್ ಬಿಟ್ಟಿರಲ್ಲ ಮಾಸ್ತರ್! ನಮ್ಮ ಕಾಲೇಜಿನ ದಿನಗಳಲ್ಲಿ ಅದೇ ಸಮುದ್ರ. ಹಾಸ್ಟೆಲಿನ ಒಂದು ಸೀಸೆಯನ್ನು ಇಡೀ ಮಹಡಿ ಹಂಚಿಕೊಳ್ಳುತ್ತಿತ್ತು.

ನಿವೃತ್ತ ರಸಾಯನ ಮಾಸ್ತರ್

ಬಿಟ್ಟದ್ದು ಬೇಕೆಂದೇ, ತಮ್ಮಾ. ಅದರ ತಾಜಾತನದಲ್ಲಿ ಮೇಲುಗೈ ಡೈಹೈಡ್ರೋಮಿರ್ಸೆನಾಲ್‌ನದು. ಅದು ಒಗೆದ ಬಟ್ಟೆಯ, ಲ್ಯಾವೆಂಡರಿನ ಕಡೆಯ ವಾಸನೆ. ಹೆಸರಿನಲ್ಲಿ ನೀರಿದೆ ಎಂದು ಸಮುದ್ರವಾಗುವುದಿಲ್ಲ.

ಅಂಕೋಲೆಯ ಮಗಳು, ಹಾವೇರಿಯ ಸೊಸೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವಳಾಗಿ ಈಗ ಬಾಯಿ ಬಿಡಲೇಬೇಕು.

ನೀವು ಯಾರೂ ಕಡಲಿನ ವಾಸನೆ ಹೇಳುತ್ತಿಲ್ಲ, ಕಡಲಿಗೆ ಬಂದ ಪ್ರವಾಸಿಗರ ವಾಸನೆ ಹೇಳುತ್ತಿದ್ದೀರಿ. ನಮ್ಮೂರಿನ ದಂಡೆಯಲ್ಲಿ ಬೇಸಿಗೆ ಎಂದರೆ ಮರಳ ಮೇಲೆ ಹರವಿದ ಒಣಮೀನು. ಬಲೆಗೆ ಅಂಟಿದ ಪಾಚಿ. ದೋಣಿಯ ಡೀಸೆಲ್. ಸನ್‌ಸ್ಕ್ರೀನ್ ಹಚ್ಚಿಕೊಂಡು ಬಲೆ ಎಳೆಯುವವರನ್ನು ನಾನು ಕಂಡಿಲ್ಲ. ಬಿಸಿಲಿನಲ್ಲಿ ದುಡಿಯುವವರಿಗೆ ಬಿಸಿಲು ಕಾಯಿಸಿಕೊಳ್ಳುವ ವಸ್ತುವಲ್ಲ.

ಆದರೆ ಸುಗಂಧವೇ ಇಲ್ಲವೆಂದಲ್ಲ. ಬೇಸಿಗೆ ಕಾಲಿಡುವಾಗ ಸುರಗಿ ಬಿಡುತ್ತದೆ. ಕೊಂಬೆಯ ಮೈಗೇ ಅಂಟಿಕೊಂಡು ಗೊಂಚಲು ಗೊಂಚಲು ಮೊಗ್ಗು. ಬಿಳಿ ಎಸಳು, ನಡುವೆ ಹಳದಿ ಕೇಸರದ ಕುಚ್ಚು. ಅರಳುವ ಮೊದಲು, ನಸುಕಿನಲ್ಲೇ ಮರ ಹತ್ತಿ ಕೊಯ್ಯಬೇಕು. ಮೊಗ್ಗನ್ನೇ ಪೋಣಿಸಿ ಮಾಲೆ ಮಾಡಿ ಮುಡಿದರೆ ತಲೆಯ ಮೇಲೆಯೇ ಅರಳುತ್ತದೆ. ಬಾಡಿದ ಮೇಲೂ ಎಸೆಯುವುದಿಲ್ಲ. ನನ್ನ ಆಯಿ ಒಣಗಿದ ಮಾಲೆಗಳನ್ನು ಟ್ರಂಕಿನಲ್ಲಿ ಸೀರೆಯ ಮಡಿಕೆಗಳ ನಡುವೆ ಇಡುತ್ತಿದ್ದಳು. ಮುಂದಿನ ವರ್ಷ ಹೊಸ ಹೂವು ಬರುವವರೆಗೂ ಆ ಸೀರೆಗಳಲ್ಲಿ ಕಂಪು ಇರುತ್ತಿತ್ತು. ಸಿಹಿ ಇದೆ, ಆದರೆ ಮಲ್ಲಿಗೆಯ ಸಿಹಿ ಅಲ್ಲ. ಅದರೊಳಗೆ ಒಂದು ಸೊಕ್ಕು ಇದೆ.

ಇನ್ನು ಹಳ್ಳದ ಬದಿಯ ಕೇದಿಗೆ, ದಂಡೆಗುಂಟ ಸುರಹೊನ್ನೆ. ಇವನ್ನೆಲ್ಲ ಸೇರಿಸಿ ಯಾರಾದರೂ ಸೀಸೆಗೆ ತುಂಬಿದರೆ ನಾನು ಮೊದಲ ಗಿರಾಕಿ. ಅಲ್ಲಿಯವರೆಗೆ ಫ್ರಾನ್ಸಿನವರ ರಜೆಯನ್ನು ನನ್ನ ತವರು ಎಂದು ಮಾರಬೇಡಿ.

ಬೆಟಗೇರಿ ಮಗ್ಗ

ಅಕ್ಕಾ, ಇದಕ್ಕೇ ನಾನು ಕಾಯುತ್ತಿದ್ದೆ.

ಸಪ್ತಾಪುರ ಸುಗಂಧ

ಅಕ್ಕಾ, ಬರಹ ಚೆನ್ನಾಗಿದೆ, ವಾದ ಒಪ್ಪಲಾರೆ. ಸೆಂಟು ಹಾಕಿಕೊಳ್ಳುವುದು ಭೂಗೋಳದ ಪರೀಕ್ಷೆ ಬರೆಯಲಲ್ಲ. ನನಗೆ ಫ್ರಾನ್ಸ್ ಗೊತ್ತಿಲ್ಲ, ಆದರೆ ಆ ಸೀಸೆಯಿಂದ ಬರುವ ಸೋಮಾರಿ ಮಧ್ಯಾಹ್ನ ಇಷ್ಟ. ಧಾರವಾಡದಲ್ಲಿ ಕೂತು ಬೇರೆಯವರ ರಜೆಯನ್ನು ಮೈಗೆ ಹಚ್ಚಿಕೊಂಡರೆ ತಪ್ಪೇನು? ಒಣಮೀನಿನ ಸೆಂಟು ಮಾಡಿದರೆ ನೀವೂ ಕೊಳ್ಳುವುದಿಲ್ಲ.

ಅಂಕೋಲೆಯ ಮಗಳು, ಹಾವೇರಿಯ ಸೊಸೆ

ಒಣಮೀನು ಕೊಂಡರೆ ಸಾರು ಮಾಡುತ್ತೇನೆ, ಕುತ್ತಿಗೆಗೆ ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಳ್ಳಿ ತಮ್ಮಾ, ಬೇಡ ಎಂದವರಾರು? ಕಡಲು ಎಂದು ಕರೆಯಬೇಡಿ ಎಂದೆ, ಅಷ್ಟೆ.

ನಿವೃತ್ತ ರಸಾಯನ ಮಾಸ್ತರ್

ಅಂಕೋಲೆಯ ಅಕ್ಕನವರ ಪಾಚಿಗೆ ವಿಜ್ಞಾನದ ಬೆಂಬಲವಿದೆ. ಕಡಲು ಹತ್ತಿರವಾದಾಗ ಮೂಗಿಗೆ ಮೊದಲು ತಾಗುವ ವಾಸನೆಯಲ್ಲಿ ದೊಡ್ಡ ಪಾಲು ಡೈಮಿಥೈಲ್ ಸಲ್ಫೈಡ್‌ನದು. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಪಾಚಿ ಇವುಗಳಿಂದ ಹುಟ್ಟುವ ಗಂಧಕದ ಅನಿಲ. ಉಪ್ಪಿಗೆ ವಾಸನೆಯೇ ಇಲ್ಲ.

ಗಿರ್ಮಿಟ್ ಪ್ರಿಯ

ಹುಬ್ಬಳ್ಳಿಯ ಮಕ್ಕಳಿಗೆ ಕಡಲು ಎಂದರೆ ಅರಬೈಲ್ ಘಟ್ಟ. ಶಾಲೆಯ ಪ್ರವಾಸದ ಬಸ್ಸು ಯಲ್ಲಾಪುರ ದಾಟಿ ತಿರುವುಗಳಲ್ಲಿ ಇಳಿಯುವಾಗ ಹಿಂದಿನ ಸೀಟಿನಿಂದ ಬರುತ್ತಿದ್ದ ವಾಸನೆ ನೆನಪಿದೆಯೇ? ಲಿಂಬೆಹಣ್ಣು, ಚುರುಮುರಿ ಮತ್ತು ಇನ್ನೊಂದು. ಯಾವ ಕಂಪನಿಯೂ ಅದನ್ನು ತುಂಬುವ ಧೈರ್ಯ ಮಾಡಿಲ್ಲ.

ಕೇಶ್ವಾಪುರ ಹುಡುಗ

ಹುಬ್ಬಳ್ಳಿ–ಅಂಕೋಲಾ ರೈಲು ಬಂದಿದ್ದರೆ ಈ ಘಟ್ಟದ ಗೋಳೇ ಇರುತ್ತಿರಲಿಲ್ಲ. 1990ರ ದಶಕದಿಂದ ಕೇಳುತ್ತಿದ್ದೇವೆ.

ಬ್ಯಾಡಗಿ ಘಾಟು

ಬಂತು ನೋಡಿ ರೈಲು. ಯಾವ ಚರ್ಚೆಯಾದರೂ ಕೊನೆಗೆ ಆ ಹಳಿಗೇ ಬಂದು ನಿಲ್ಲುತ್ತದೆ. ಪಶ್ಚಿಮ ಘಟ್ಟದ ಕಾಡು ಉಳಿಯಬೇಕು ಎನ್ನುವವರು ಈಗ ಬರುತ್ತಾರೆ, ಸೆಂಟು ಮರೆತೇ ಹೋಗುತ್ತದೆ. ದಯವಿಟ್ಟು ಬೇಡ.

ದುರ್ಗದಬೈಲ್ ಅತ್ತರ್

ನಮ್ಮ ಮನೆಯಲ್ಲಿ ಮಾಮಾನ ಕಾಲದಿಂದ ಅತ್ತರಿನ ವ್ಯಾಪಾರ. ಅಂಗಡಿಯ ಹೆಸರು ಹೇಳುವುದಿಲ್ಲ, ಜಾಹೀರಾತು ಎಂದೀರಿ.

ಬೇಸಿಗೆಗೆಂದು ಬರುವ ಹಳೆಯ ಗಿರಾಕಿಗಳು ಎರಡನ್ನೇ ಕೇಳುತ್ತಾರೆ: ಖಸ್, ಅಂದರೆ ಲಾವಂಚ, ಮತ್ತೊಂದು ಮಿಟ್ಟಿ. ಮಿಟ್ಟಿ ಮಾಡುವುದು ಕನೌಜಿನಲ್ಲಿ. ಸುಟ್ಟ ಮಣ್ಣಿನ ಹೆಂಟೆಗಳನ್ನು ತಾಮ್ರದ ಡೇಗಿನಲ್ಲಿ ನೀರಿನೊಂದಿಗೆ ಹಾಕಿ ಮುಚ್ಚಳಕ್ಕೆ ಮಣ್ಣು ಮೆತ್ತುತ್ತಾರೆ. ಬಿದಿರಿನ ಕೊಳವೆಯಿಂದ ಆವಿ ಇಳಿದು ಭಪಕಾದಲ್ಲಿ, ಅಂದರೆ ಆವಿ ಹಿಡಿಯುವ ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಸೇರುತ್ತದೆ. ಮೊದಲ ಮಳೆಯ ವಾಸನೆ ಅಲ್ಲಿ ಸಿಗುತ್ತದೆ. ಆದರೆ ಈಗ ಗಂಧದೆಣ್ಣೆ ದುಬಾರಿಯಾದ್ದರಿಂದ ಅಗ್ಗದ ಸೀಸೆಗಳಲ್ಲಿ ಅದರ ಬದಲು ಪ್ಯಾರಾಫಿನ್ ಎಣ್ಣೆ ಇರುತ್ತದೆ. ಬೆಲೆ ತೀರಾ ಕಡಿಮೆ ಎಂದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ಕಡಲು ಬೇಕೆಂದವರಿಗೂ ಒಂದು ಉಂಟು: ಚೋಯಾ ನಖ್. ಸಮುದ್ರದ ಚಿಪ್ಪುಗಳನ್ನು ಹುರಿದು, ಸುಟ್ಟು ಇಳಿಸಿದ ಎಣ್ಣೆ. ಹೊಗೆ, ಉಪ್ಪು, ಸ್ವಲ್ಪ ಚರ್ಮದ ವಾಸನೆ. ಒಂಟಿಯಾಗಿ ಹಚ್ಚಿಕೊಂಡರೆ ಮನೆಯವರು ಹೊರಗೆ ಮಲಗಿಸುತ್ತಾರೆ. ಗಂಧದೆಣ್ಣೆಗೆ ಕಡ್ಡಿಯ ತುದಿಯಷ್ಟು ಬೆರೆಸಿ, ಹತ್ತಿಯಲ್ಲಿ ಅದ್ದಿ, ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳಿ. ಸಂಜೆಯ ಹೊತ್ತಿಗೆ ಅಂಕೋಲೆಯ ಅಕ್ಕ ಹೇಳಿದ ದಂಡೆಗೆ ಸ್ವಲ್ಪ ಹತ್ತಿರ ಬರುತ್ತದೆ.

ಅಂಕೋಲೆಯ ಮಗಳು, ಹಾವೇರಿಯ ಸೊಸೆ

ಇದು ಮೂಸಬೇಕು. ಹುಬ್ಬಳ್ಳಿಗೆ ಬಂದಾಗ ಕೇಳುತ್ತೇನೆ, ಅಣ್ಣಾ.

ಮುಂಡರಗಿ ನರ್ಸ್

ಎಲ್ಲರೂ ವಾಸನೆಯಲ್ಲೇ ತೇಲುತ್ತಿದ್ದೀರಿ, ಚರ್ಮದ ಬಗ್ಗೆ ಯಾರಾದರೂ ಮಾತನಾಡಿ.

ಸನ್‌ಸ್ಕ್ರೀನ್ ವಾಸನೆಯ ಸೆಂಟು ಸನ್‌ಸ್ಕ್ರೀನ್ ಅಲ್ಲ. ನಗಬೇಡಿ, ತೆಂಗಿನೆಣ್ಣೆ ಹಚ್ಚಿಕೊಂಡರೆ ಬಿಸಿಲು ತಾಗುವುದಿಲ್ಲ ಎಂದು ನಂಬಿದವರನ್ನು ದಿನಾ ನೋಡುತ್ತೇನೆ. ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಇದ್ದರೆ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಇದ್ದರೆ ಶೇ. 98. ಅದೂ ಧಾರಾಳವಾಗಿ ಹಚ್ಚಿಕೊಂಡರೆ ಮತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಂಡರೆ. ಕಡಲೆಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿದರೆ ಆ ಲೆಕ್ಕವೆಲ್ಲ ಬರೀ ಡಬ್ಬಿಯ ಮೇಲೆ.

ಇನ್ನೊಂದು. ಬರ್ಗಮಾಟ್ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬುದಿದೆ. ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪು ಕಲೆ ಏಳುತ್ತದೆ, ಕುತ್ತಿಗೆಯ ಮೇಲೆ ಇಳಿದ ಹನಿಯ ಆಕಾರದಲ್ಲೇ. ಈಗಿನ ದೊಡ್ಡ ಕಂಪನಿಗಳು ಅದನ್ನು ತೆಗೆದ ಎಣ್ಣೆ ಬಳಸುತ್ತವೆ. ಹೆಸರಿಲ್ಲದ ಸೀಸೆಗಳಿಗೆ ಆ ಭರವಸೆ ಇಲ್ಲ. ಲಿಂಬೆರಸ ಕೈಗೆ ಹತ್ತಿದಾಗ ಬಿಸಿಲಿಗೆ ಹೋದರೂ ಹೀಗೆಯೇ. ಹಗಲು ಸೆಂಟನ್ನು ಬಟ್ಟೆಗೆ ಹಾಕಿಕೊಳ್ಳಿ, ಚರ್ಮಕ್ಕೆ ಸನ್‌ಸ್ಕ್ರೀನ್ ಸಾಕು.

ಕೇಶ್ವಾಪುರ ಹುಡುಗ

ಬಟ್ಟೆಗೆ ಹಾಕಿದರೆ ಕಲೆಯಾಗುವುದಿಲ್ಲವೇ?

ಮುಂಡರಗಿ ನರ್ಸ್

ಬಿಳಿ ರೇಷ್ಮೆಗೆ ಆಗಬಹುದು. ನಿಮ್ಮ ಜೀನ್ಸಿಗೆ ಏನೂ ಆಗುವುದಿಲ್ಲ.

ಶಿರಹಟ್ಟಿ ಗಾಳಿ

ಅಂತರ್ಜಾಲದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ಯಾರೂ ಬಲೆಗೆ ಬೀಳಬೇಡಿ. ನನ್ನ ತಂಗಿ ತರಿಸಿದ ಸೀಸೆಯಲ್ಲಿ ಮೊದಲ ಹತ್ತು ನಿಮಿಷ ತೆಂಗು, ಆಮೇಲೆ ಬರೀ ಸ್ಪಿರಿಟ್. ಕಾರಿನಲ್ಲಂತೂ ಬಿಡಲೇಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ ಅಸಲಿ ಸೆಂಟೂ ಕೆಡುತ್ತದೆ, ಮೇಲಾಗಿ ಅದರಲ್ಲಿರುವುದು ಹೊತ್ತಿಕೊಳ್ಳುವ ಆಲ್ಕೋಹಾಲ್.

ಬ್ಯಾಡಗಿ ಘಾಟು

ನಮ್ಮೂರಲ್ಲಿ ಯಾವ ಸೆಂಟು ಹಾಕಿದರೂ ಒಂದೇ. ಮೆಣಸಿನಕಾಯಿ ಮಾರುಕಟ್ಟೆಯ ಕಡೆಯಿಂದ ಗಾಳಿ ತಿರುಗಿದರೆ ಫ್ರಾನ್ಸೂ ಸೀನುತ್ತದೆ, ಟಾಹಿಟಿಯೂ ಸೀನುತ್ತದೆ.

ಸಪ್ತಾಪುರ ಸುಗಂಧ

ಟಾಹಿಟಿ ಎಂದಿರಿ, ನೆನಪಾಯಿತು. ಬೆಟಗೇರಿಯವರ ಅಜ್ಜಿಗೆ ಇದನ್ನು ಹೇಳಿ. ಟಾಹಿಟಿಯಲ್ಲಿ ಟಿಯಾರೆ ಮೊಗ್ಗುಗಳನ್ನು ತೆಂಗಿನೆಣ್ಣೆಯಲ್ಲಿ ನೆನೆಹಾಕಿ ಮೊನೊಯಿ ಎಂಬ ಎಣ್ಣೆ ಮಾಡುತ್ತಾರೆ. ತಲೆಗೂ ಮೈಗೂ ಅದೇ. 1992ರಿಂದ ಅದರ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ಈ ಕಡಲ ಸೆಂಟುಗಳ ಅರ್ಧ ಬೇರು ಅಲ್ಲಿದೆ. ಅಂದರೆ ಮೂಲದಲ್ಲಿ ಅದೂ ಹೆರಳಿನ ಎಣ್ಣೆಯೇ.

ಬೆಟಗೇರಿ ಮಗ್ಗ

ಅಜ್ಜಿಗೆ ಓದಿ ಹೇಳಿದೆ. "ಹಾಗಾದರೆ ಆ ಊರಿನ ಹೆಂಗಸರು ಬುದ್ಧಿವಂತರು. ನಮ್ಮಲ್ಲಿ ಎಳ್ಳಿನ ನಡುವೆ ಮಲ್ಲಿಗೆ ಹರವಿ, ಎಳ್ಳಿಗೆ ಕಂಪು ಹತ್ತಿದ ಮೇಲೆ ಗಾಣಕ್ಕೆ ಹಾಕಿಸುತ್ತಿದ್ದರು" ಎಂದರು. ವೈನಿ ಈಗ ಆ ಸೀಸೆಯನ್ನು ಮತ್ತೆ ಹೊರಗೆ ತೆಗೆದಿದ್ದಾರೆ. ಇಷ್ಟಾದರೂ ನನ್ನ ಮಾತು ನನ್ನದೇ: ಅದು ಕಡಲಲ್ಲ.

ವಿದ್ಯಾನಗರದವಳು

ತೀರ್ಮಾನ ಹೇಳುತ್ತೇನೆ, ಯಾರೂ ಬೈಯಬೇಡಿ. ಅಣ್ಣನಿಗೆ ಬೀಚ್ ವಾಕ್ ಎಂದು ಬರೆದು ಕಳಿಸಿದೆ, ದೊಡ್ಡದಲ್ಲ, ಚಿಕ್ಕ ಸೀಸೆ. ಅದನ್ನು ಕುಪ್ಪಸದ ಅಂಚಿಗೆ ಹಾಕಿಕೊಳ್ಳುತ್ತೇನೆ, ನರ್ಸ್ ಅಕ್ಕನ ಮಾತಿನಂತೆ. ಶನಿವಾರ ದುರ್ಗದಬೈಲಿಗೆ ಹೋಗಿ ಆ ಚಿಪ್ಪಿನ ಅತ್ತರನ್ನೂ ಮೂಸಿ ಬರುತ್ತೇನೆ. ಅತ್ತರ್ ಅಣ್ಣಾ, ಅಂಗಡಿಯ ಗುರುತು ಖಾಸಗಿಯಾಗಿ ತಿಳಿಸಿ.

ಸಪ್ತಾಪುರ ಸುಗಂಧ

ಗೆದ್ದೆ.

ಅಂಕೋಲೆಯ ಮಗಳು, ಹಾವೇರಿಯ ಸೊಸೆ

ಎಲ್ಲಿ ಗೆದ್ದಿರಿ? ಶನಿವಾರದವರೆಗೆ ತಡೆಯಿರಿ. ವಿದ್ಯಾನಗರದ ತಂಗಿ, ಮುಂದಿನ ಸುರಗಿ ಕಾಲಕ್ಕೆ ತವರಿಗೆ ಹೋದಾಗ ಒಣಮಾಲೆ ತಂದುಕೊಡುತ್ತೇನೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮೂಸಿ, ಆಮೇಲೆ ಮಾತು.

ಗಿರ್ಮಿಟ್ ಪ್ರಿಯ

ಅಕ್ಕಾ, ತವರಿಗೆ ಹೋಗುವುದು ಮೇ ತಿಂಗಳಿನಲ್ಲಾದರೆ ಕರಿ ಇಶಾಡು ಮಾವಿನ ಹಣ್ಣೂ ತನ್ನಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದಾಗಿನಿಂದ ಹೆಸರು ಕೇಳುತ್ತಿದ್ದೇನೆ, ಹಣ್ಣು ಮಾತ್ರ ಹುಬ್ಬಳ್ಳಿಯವರೆಗೆ ಬರುತ್ತಿಲ್ಲ. ದುಡ್ಡು ಮೊದಲೇ ಕೊಡುತ್ತೇನೆ.

ಬ್ಯಾಡಗಿ ಘಾಟು

ನನಗೂ ಒಂದು ಡಜನ್. ಸೆಂಟು ಬೇಡ.